ಔಷಧಿ ಹೊಡೆಯುವ ಮುನ್ನ ಡಬ್ಬಿಯ ಲೇಬಲ್ ಫೋಟೋ ತೆಗೆದಿಡಿ

ಹೊಲಕ್ಕೆ ಕೀಟನಾಶಕವನ್ನೋ ಕಳೆನಾಶಕವನ್ನೋ ಹೊಡೆಯಲು ಹೊರಡುವ ಮುನ್ನ ಡಬ್ಬಿಯ ಲೇಬಲ್ಲನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಮನೆಯವರಿಗೂ ಕಳುಹಿಸಿಡಿ. ಕಂಪನಿ ಇಟ್ಟ ದೊಡ್ಡಕ್ಷರದ ಹೆಸರು ಸಾಲದು. ಒಳಗಿರುವ ರಾಸಾಯನಿಕದ ಹೆಸರು, ಅದರ ಪ್ರಮಾಣ, ಜೊತೆಗೆ ಬರುವ ಚೀಟಿಯಲ್ಲಿನ ಪ್ರತಿವಿಷದ ಸಾಲು ಓದುವಂತಿರಬೇಕು. ವಿಷವೇರಿದವರನ್ನು ಕರೆದೊಯ್ದ ಆಸ್ಪತ್ರೆಯಲ್ಲಿ "ಯಾವುದೋ ಹುಳದ ಔಷಧಿ" ಎಂದರೆ ವೈದ್ಯರ ಕೈ ಕಟ್ಟಿದಂತಾಗುತ್ತದೆ. ಕ್ಲೋರ್‌ಪೈರಿಫಾಸ್‌ನಂತಹ ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕದ ವಿಷಕ್ಕೆ ಅಟ್ರೋಪಿನ್ ಎಂಬ ಪ್ರತಿವಿಷ ಕೊಡುತ್ತಾರೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ, ಅದರಲ್ಲಿ ಅಗತ್ಯವಿಲ್ಲದೆ ಆಮ್ಲಜನಕ ಕೊಟ್ಟರೆ ಶ್ವಾಸಕೋಶ ಇನ್ನಷ್ಟು ಹಾಳಾಗುತ್ತದೆ. ಎರಡೂ ಸಿಗುವುದು ಒಂದೇ ಅಂಗಡಿಯಲ್ಲಿ! ಲೇಬಲ್ ಇಲ್ಲದ ಬಾಟಲಿಗೆ ಬಗ್ಗಿಸಿ ತಂದ ಔಷಧಿಗೆ ಈ ಉಪಾಯ ನಡೆಯುವುದಿಲ್ಲ. ಹಾಗೆ ತರಲೇಬೇಡಿ, ನೀರೆಂದು ಮಕ್ಕಳು ಕುಡಿಯುವ ಅಪಾಯವೂ ಅಲ್ಲಿಯೇ ಇದೆ. ಎರಡು ಮೂರು ಔಷಧಿ ಬೆರೆಸುವವರು ಎಲ್ಲ ಡಬ್ಬಿಗಳ ಫೋಟೋ ತೆಗೆಯಬೇಕು. ಫೋಟೋ ಹುಡುಕುತ್ತಾ ಮಾತ್ರ ಹೊತ್ತು ಕಳೆಯಬೇಡಿ: ತಲೆ ಸುತ್ತು, ಬಾಯಲ್ಲಿ ಜೊಲ್ಲು, ವಿಪರೀತ ಬೆವರು ಕಂಡ ತಕ್ಷಣ 108ಕ್ಕೆ ಕರೆ ಮಾಡಿ, ಔಷಧಿ ತಾಗಿದ ಬಟ್ಟೆ ಬಿಚ್ಚಿಸಿ, ಸೋಪು ಹಚ್ಚಿ ಮೈ ತೊಳೆಯಿರಿ. ತೊಳೆಯುವವರ ಕೈಗೆ ಗ್ಲೌಸ್ ಇರಲಿ, ಇಲ್ಲವಾದರೆ ಪ್ಲಾಸ್ಟಿಕ್ ಚೀಲವಾದರೂ ಇರಲಿ. ಹೊಟ್ಟೆಗೆ ಹೋಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡವೇ ಬೇಡ. ವಾಂತಿ ಶ್ವಾಸನಾಳಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಶುಲ್ಕರಹಿತ ಸಂಖ್ಯೆ 1800 116 117 ಅನ್ನೂ ಅದೇ ಫೋಟೋದ ಕೆಳಗೆ ಬರೆದು ಕಳುಹಿಸಿ.