ಏಕಾಏಕಿ ಓಡುವ ಎದೆಬಡಿತ: ತೋಟದ ನಡುವಿನ ಚಿಕಿತ್ಸಾಲಯದಲ್ಲಿ ನನ್ನ ಅನುಭವ

ದಕ್ಷಿಣ ಕೊಡಗಿನ ಕಾಫಿ ತೋಟಗಳ ನಡುವಿನ ಸಣ್ಣ ಚಿಕಿತ್ಸಾಲಯವೊಂದರಲ್ಲಿ ಹಲವು ವರ್ಷಗಳಿಂದ ವೈದ್ಯೆಯಾಗಿರುವ ನನ್ನ ಬಳಿಗೆ ‘ಎದೆ ಡವಡವ ಅನ್ನುತ್ತದೆ’ ಎಂದು ಹೇಳಿಕೊಂಡು ಬರುವವರು ಎಲ್ಲ ಕಾಲದಲ್ಲೂ ಇದ್ದಾರೆ. ಅವರಲ್ಲಿ ಹೆಚ್ಚಿನವರ ಹೃದಯದಲ್ಲಿ ದೋಷವಿರುವುದಿಲ್ಲ. ಜ್ವರ, ರಕ್ತಹೀನತೆ, ವಾಂತಿಭೇದಿ, ಥೈರಾಯ್ಡ್ ತೊಂದರೆ, ಬಸಿರು, ಉಬ್ಬಸಕ್ಕೆ ಎಳೆದುಕೊಳ್ಳುವ ಔಷಧ ಅಥವಾ ಮನಸ್ಸಿನ ಆತಂಕ, ಇವುಗಳಲ್ಲಿ ಯಾವುದಾದರೂ ಕಾರಣವಾಗಿರುತ್ತದೆ. ಆಗ ಬಡಿತ ಸಾಮಾನ್ಯವಾಗಿ ನಿಧಾನವಾಗಿ ಏರಿ, ನಿಧಾನವಾಗಿಯೇ ಇಳಿಯುತ್ತದೆ.

ಆದ್ದರಿಂದ ನಾನು ಮೊದಲು ಕೇಳುವುದು, ಅದು ಹೇಗೆ ಶುರುವಾಯಿತು ಮತ್ತು ಹೇಗೆ ನಿಂತಿತು ಎಂದು. ‘ಸ್ವಿಚ್ ಹಾಕಿದ ಹಾಗೆ ಶುರು, ಆರಿಸಿದ ಹಾಗೆ ಬಂದ್’ ಎಂಬ ಉತ್ತರ ಬಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಕೆಲವರ ಹೃದಯದಲ್ಲಿ ವಿದ್ಯುತ್ ಸಂಕೇತ ಸಾಗಲು ಹುಟ್ಟಿನಿಂದಲೇ ಹೆಚ್ಚುವರಿ ದಾರಿಯೊಂದು ಇರುತ್ತದೆ. ಸಂಕೇತವು ಅದರಲ್ಲಿ ಸಿಕ್ಕಿಕೊಂಡು ಸುತ್ತು ಹೊಡೆಯತೊಡಗಿದರೆ, ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಇರಬೇಕಾದ ಬಡಿತ ಕ್ಷಣಾರ್ಧದಲ್ಲಿ 150ರಿಂದ 250ರವರೆಗೂ ಹೋಗಬಹುದು. ವೈದ್ಯರು ಇದನ್ನು ಎಸ್‌ವಿಟಿ ಎನ್ನುತ್ತಾರೆ.

ಕಾಫಿ ಕುಯ್ಲಿನ ಸಮಯದಲ್ಲಿ ಒಂದು ಮಧ್ಯಾಹ್ನ ತೋಟದ ಕಾರ್ಮಿಕರು ಇರುವ ಲೈನ್ ಮನೆಯ ಯುವತಿಯೊಬ್ಬಳನ್ನು ಜೀಪಿನಲ್ಲಿ ಕರೆತಂದರು. ‘ಗ್ಯಾಸ್ಟ್ರಿಕ್ ಇರಬೇಕು ಮೇಡಂ, ಸೋಡಾ ಕುಡಿಸಿದ್ದೇವೆ’ ಎಂದರು ಗಂಡ. ಮಣಿಕಟ್ಟಿನಲ್ಲಿ ನಾಡಿ ಎಣಿಸಲಾಗದಷ್ಟು ವೇಗವಾಗಿತ್ತು. ಕುತ್ತಿಗೆಯ ನರ ಕುಣಿಯುವುದು ಬರಿಗಣ್ಣಿಗೇ ಕಾಣುತ್ತಿತ್ತು. ರಕ್ತದೊತ್ತಡ ಸರಿಯಿತ್ತು, ಮಾತು ಸ್ಪಷ್ಟವಾಗಿತ್ತು. ಇಸಿಜಿಯಲ್ಲಿ 188ರ ವೇಗದ, ಒಂದೇ ಅಂತರದ ಕಿರಿದಾದ ಅಲೆಗಳು ಬಂದವು. ಸೂಜಿಯಿಲ್ಲದ 10 ಮಿಲಿ ಸಿರಿಂಜನ್ನು ಕೈಗೆ ಕೊಟ್ಟು, ‘ಇದರ ತುದಿಗೆ ಬಾಯಿಟ್ಟು, ಒಳಗಿನ ದಂಡ ಅಲುಗುವ ಹಾಗೆ ಊದಮ್ಮಾ, ನಾನು ಸಾಕು ಅನ್ನುವವರೆಗೂ ಬಿಡಬೇಡ’ ಎಂದೆ. 15 ಸೆಕೆಂಡ್ ಊದಿದ ಕೂಡಲೇ ಅಂಗಾತ ಮಲಗಿಸಿ, ಸಿಸ್ಟರ್ ಎರಡೂ ಕಾಲುಗಳನ್ನು ಎತ್ತಿ ಹಿಡಿದರು. ಮೊದಲ ಸಲ ಫಲಿಸಲಿಲ್ಲ. ಎರಡನೆಯ ಸಲ ಇಸಿಜಿ ಕಾಗದದ ಮೇಲೆ ಗೆರೆ ಒಂದು ಗಳಿಗೆ ಸಪಾಟಾಗಿ, ಆಮೇಲೆ 92ರ ಲಯದಲ್ಲಿ ಅಲೆಗಳು ಮೂಡಿದವು. ‘ನಿಂತೋಯ್ತು ಮೇಡಂ’ ಎಂದು ಅವಳೇ ಮೊದಲು ಹೇಳಿದಳು.

ಕಾಲೆತ್ತುವ ಈ ಕ್ರಮ ನನ್ನ ಕಲ್ಪನೆಯಲ್ಲ. ಬ್ರಿಟನ್ನಿನಲ್ಲಿ ನಡೆದು 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬರೀ ಊದಿದವರಲ್ಲಿ ಶೇಕಡ 17ರಷ್ಟು ಮಂದಿಯ ಲಯ ಸರಿಹೋದರೆ, ಊದಿದ ಮೇಲೆ ಮಲಗಿಸಿ ಕಾಲೆತ್ತಿದವರಲ್ಲಿ ಶೇಕಡ 43ರಷ್ಟು ಮಂದಿಯದು ಸರಿಹೋಯಿತು. ಇದಕ್ಕೂ ಬಗ್ಗದಿದ್ದರೆ ಅಡೆನೊಸಿನ್ ಚುಚ್ಚುಮದ್ದು ಬೇಕಾಗುತ್ತದೆ. ಅದನ್ನು ಹೃದಯದ ಮಾನಿಟರ್ ಇರುವಲ್ಲಿಯೇ ಕೊಡಬೇಕು, ಉಬ್ಬಸ ಇರುವವರು ಮೊದಲೇ ತಿಳಿಸಬೇಕು. ಮನೆಯಲ್ಲಿ ಊದುವುದನ್ನು, ಕಾಯಿಲೆ ಇದೇ ಎಂದು ವೈದ್ಯರು ಖಚಿತಪಡಿಸಿ ಕಲಿಸಿದವರು ಮಾತ್ರ ಮಾಡಬೇಕು. ಕುತ್ತಿಗೆ ತಿಕ್ಕುವುದು, ಕಣ್ಣುಗುಡ್ಡೆ ಒತ್ತುವುದು ಯಾರಿಗೂ ಬೇಡ.

ನಾನು ಎಲ್ಲಕ್ಕಿಂತ ಹೆಚ್ಚಾಗಿ ಒತ್ತಿ ಹೇಳುವುದು, ಎದೆ ಓಡುತ್ತಿರುವಾಗಲೇ ಇಸಿಜಿ ತೆಗೆಸಬೇಕು ಎಂಬುದನ್ನು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಮಳೆಗಾಲದಲ್ಲಿ ಮರ ಬಿದ್ದರೆ ಎಷ್ಟು ಹೊತ್ತಾದೀತೆಂದು ಹೇಳಲಾಗದು. ದೊಡ್ಡ ಆಸ್ಪತ್ರೆಗೇ ಹೋಗಬೇಕೆಂದು ಹೊರಟವರ ಬಡಿತ ದಾರಿಯಲ್ಲೇ ಸರಿಹೋಗಿ, ಅಲ್ಲಿ ತೆಗೆದ ಇಸಿಜಿ ನಾರ್ಮಲ್ ಬಂದು, ‘ಟೆನ್ಶನ್ ಅಷ್ಟೇ’ ಎಂಬ ಮಾತಿನೊಂದಿಗೆ ಮರಳಿದವರನ್ನು, ಅದರಲ್ಲೂ ಹೆಂಗಸರನ್ನು, ನಾನು ಬಹಳ ಕಂಡಿದ್ದೇನೆ. ಅದು ನನಗೆ ನಿಜವಾಗಿಯೂ ನೋವು ಕೊಡುವ ಸಂಗತಿ. ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ, ಆ ಕಾಗದದ ಫೋಟೊವನ್ನು ಫೋನಿನಲ್ಲಿ ಇಟ್ಟುಕೊಳ್ಳಬೇಕು. ಎಸ್‌ವಿಟಿ ಪದೇ ಪದೇ ಬರುವವರಿಗೆ ಅಬ್ಲೇಶನ್ ಎಂಬ ಚಿಕಿತ್ಸೆಯಿದೆ. ಬೆಂಗಳೂರಿನ ಜಯದೇವ ಸಂಸ್ಥೆಯಂತಹ ಕಡೆಗಳಲ್ಲಿ ತೊಡೆಯ ರಕ್ತನಾಳದ ಮೂಲಕ ತಂತಿ ಕಳುಹಿಸಿ ಆ ಹೆಚ್ಚುವರಿ ದಾರಿಯನ್ನು ಸುಡುತ್ತಾರೆ. ಬಹುಪಾಲು ರೋಗಿಗಳಿಗೆ ಅದರಿಂದ ಶಾಶ್ವತವಾಗಿ ಗುಣವಾಗುತ್ತದೆ. ಆ ಬಾಗಿಲು ತೆರೆಯುವುದು ಓಡುವಾಗ ಸಿಕ್ಕ ಒಂದು ಇಸಿಜಿಯಿಂದ.

ಎದೆನೋವು, ಉಸಿರು ಕಟ್ಟುವುದು, ತಣ್ಣನೆಯ ಬೆವರು, ಪ್ರಜ್ಞೆ ತಪ್ಪುವುದು ಅಥವಾ ಕಣ್ಣು ಕತ್ತಲೆಗಟ್ಟುವುದು ಬಡಿತದ ಜೊತೆಗೆ ಬಂದರೆ ಎಣಿಸುತ್ತ ಕೂರದೆ 108ಕ್ಕೆ ಕರೆ ಮಾಡಬೇಕು. ಹಿಂದೆ ಹೃದಯಾಘಾತ ಆದವರು, ಗರ್ಭಿಣಿಯರು, ಚಿಕ್ಕ ವಯಸ್ಸಿನಲ್ಲೇ ಹಠಾತ್ತಾಗಿ ಯಾರಾದರೂ ತೀರಿಕೊಂಡ ಮನೆತನದವರು ಇವುಗಳಿಗಾಗಿ ಕಾಯದೆ ಆಸ್ಪತ್ರೆಗೆ ಹೋಗಬೇಕು. ಉಳಿದವರಲ್ಲೂ ಕೂತು ವಿಶ್ರಾಂತಿ ಪಡೆದ ಹತ್ತಿಪ್ಪತ್ತು ನಿಮಿಷದಲ್ಲಿ ಇಳಿಯದ ಬಡಿತವನ್ನು ನಾಳೆಗೆ ಬಿಡಬಾರದು. ವಯಸ್ಸಾದವರಲ್ಲಿ ನಾಡಿ ವೇಗವಾಗಿರುವುದರ ಜೊತೆಗೆ ತಾಳ ತಪ್ಪಿದ್ದರೆ ಅದು ಬೇರೆಯೇ ಕಾಯಿಲೆ. ಅದರಿಂದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು. ಬಡಿತ ತಾನಾಗಿ ಸರಿಹೋದರೂ ಅವರನ್ನು ಪರೀಕ್ಷಿಸಲೇಬೇಕು.

ಕಾಫಿ ಬಿಡಬೇಕೇ ಎಂದು ಇಲ್ಲಿ ಎಲ್ಲರೂ ಕೇಳುತ್ತಾರೆ. ದಿನಕ್ಕೆ ಎರಡು ಮೂರು ಲೋಟ ಕಾಫಿ ಹೆಚ್ಚಿನವರಿಗೆ ತೊಂದರೆ ಕೊಡುವುದಿಲ್ಲ. ಕುಡಿದಾಗಲೆಲ್ಲ ಎದೆ ಓಡುವುದನ್ನು ತಾವೇ ಗಮನಿಸಿದವರು ಬಿಡುವುದು ಒಳ್ಳೆಯದು. ನಾನು ಹೆಚ್ಚು ಯೋಚಿಸುವುದು ಏಣಿಯ ಬಗ್ಗೆ. ಕರಿಮೆಣಸು ಕುಯ್ಯುವವರಿಗೂ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಮಾಡುವವರಿಗೂ ಮರದ ಮೇಲೆ ಕಣ್ಣು ಕತ್ತಲೆ ಬಂದರೆ ಹೃದಯಕ್ಕಿಂತ ಮೊದಲು ಬೀಳುವಿಕೆಯೇ ಜೀವ ತೆಗೆದೀತು. ಹೀಗಾಗಿ ಚಿಕಿತ್ಸೆ ಮುಗಿಯುವವರೆಗೆ ಏಣಿ ಹತ್ತಿಸಬಾರದು, ಜೀಪು ಓಡಿಸಲು ಬಿಡಬಾರದು ಎಂದು ಚೀಟಿಯಲ್ಲಿ ಬರೆದು, ರೋಗಿಯ ಒಪ್ಪಿಗೆ ಪಡೆದು ತೋಟದ ಕೆಲಸ ನೋಡಿಕೊಳ್ಳುವ ರೈಟರಿಗೆ ನಾನೇ ಫೋನ್ ಮಾಡಿ, ಕೂಲಿ ಕಡಿತವಾಗದಂತೆ ನೆಲದ ಕೆಲಸ ಕೊಡಿ ಎಂದು ಕೇಳಿಕೊಳ್ಳುತ್ತೇನೆ.