ನೌಕಾಪಡೆ ಕಟ್ಟುವುದಾದರೆ ಹಡಗಿಗೆ ಮೊದಲು ಕೆಲಸ ಬರೆಯಿರಿ

ಮುಂದಿನ 30 ವರ್ಷಕ್ಕೆ ನೌಕಾಪಡೆ ಹೇಗಿರಬೇಕು ಅಂದರೆ ಜನ ಮೊದಲು ಹಡಗಿನ ಚಿತ್ರ ಬರೆಯುತ್ತಾರೆ. ನಾನು ಕೆಲಸಗಳನ್ನು ಬರೆದುಕೊಳ್ಳುತ್ತೇನೆ: ಜಲಾಂತರ್ಗಾಮಿ ಹುಡುಕುವುದು, ಕ್ಷಿಪಣಿ ತಡೆಯುವುದು, ಸರಕು ಹಡಗಿಗೆ ಕಾವಲು, ದಡಕ್ಕೆ ಸೈನ್ಯ ಇಳಿಸುವುದು, ಕಡಲ್ಗಳ್ಳರನ್ನು ಅಟ್ಟುವುದು, ಮೈನ್ (ಹಡಗು ಒಡೆಯಲು ನೀರಿನಲ್ಲಿ ಇಡುವ ಸ್ಫೋಟಕ) ತೆಗೆಯುವುದು.

ಮೈನ್ ಕೆಲಸವನ್ನು ದಯವಿಟ್ಟು ಕೊನೆಗೆ ತಳ್ಳಬೇಡಿ. 1988ರ ಏಪ್ರಿಲ್‌ನಲ್ಲಿ ಪರ್ಷಿಯನ್ ಕೊಲ್ಲಿಯಲ್ಲಿ ಅಮೆರಿಕದ ಫ್ರಿಗೇಟ್ (ಮಧ್ಯಮ ಗಾತ್ರದ ಯುದ್ಧನೌಕೆ) ಸ್ಯಾಮ್ಯುಯೆಲ್ ಬಿ. ರಾಬರ್ಟ್ಸ್ ಇರಾನಿನ ಮೈನ್‌ಗೆ ಸಿಕ್ಕಿತು. ಆ ಮೈನ್‌ನ ವಿನ್ಯಾಸ 1908ರ ಕಾಲದ್ದು! ತಳದಲ್ಲಿ ದೊಡ್ಡ ತೂತು, ಎಂಜಿನ್ ಕೋಣೆ ತುಂಬ ನೀರು, ಜೊತೆಗೆ ಬೆಂಕಿ. ಹಡಗಿನ ಬೆನ್ನೆಲುಬಿನಂತಿರುವ ತಳದ ತೊಲೆ, ಅಂದರೆ ಕೀಲ್, ಮುರಿದಿತ್ತು. ಬಿರುಕು ಬಿಟ್ಟ ಕಡೆ ಸಿಬ್ಬಂದಿ ಉಕ್ಕಿನ ಹಗ್ಗ ಬಿಗಿದು ಹಡಗನ್ನು ಉಳಿಸಿಕೊಂಡರು. ಯಾರೂ ಸಾಯಲಿಲ್ಲ. ಯಂತ್ರ ಇದೆಯಲ್ಲ ಅಂತ ಸಿಬ್ಬಂದಿ ಕಡಿಮೆ ಮಾಡುವಾಗ ಇದನ್ನು ನೆನಪಿಡಿ. ಬೆಂಕಿ ಆರಿಸಲು, ನೀರು ತಡೆಯಲು ಜನ ಬೇಕೇ ಬೇಕು.

ಆಮೇಲೆ ಲೆಕ್ಕ. ಒಂದು ಹಡಗು ಸದಾ ಕಾವಲಿಗಿರಬೇಕಾದರೆ ಸುಮಾರು ಮೂರು ಬೇಕು. ಒಂದು ರಿಪೇರಿಯಲ್ಲಿ, ಇನ್ನೊಂದು ತರಬೇತಿಯಲ್ಲಿ ಇರುತ್ತದೆ.

ಹಾಗಾದರೆ ಒಂದೇ ಹಡಗಿಗೆ ಎಲ್ಲ ಕೆಲಸ ಹೊರಿಸಬಹುದಲ್ವಾ? ಡೆನ್ಮಾರ್ಕ್ 1980ರ ದಶಕದಲ್ಲಿ ಒಂದು ಒಳ್ಳೆ ದಾರಿ ಹುಡುಕಿತು. ಫಿರಂಗಿ, ಕ್ಷಿಪಣಿ, ಮೈನ್ ಹುಡುಕುವ ಸಾಮಾನು, ಒಂದೊಂದೂ ಒಂದೊಂದು ಪೆಟ್ಟಿಗೆಯಲ್ಲಿ. ಬಂದರಿನಲ್ಲಿ ಕ್ರೇನ್‌ನಿಂದ ಎತ್ತಿ ಬದಲಾಯಿಸಿದರೆ ಆಯಿತು. ನನಗೆ ಈ ವಿಧಾನ ತುಂಬ ಇಷ್ಟ. ಆದರೆ ಪೆಟ್ಟಿಗೆ ಬದಲಾದಷ್ಟು ಬೇಗ ಮನುಷ್ಯರ ಕೈ ಪಳಗುವುದಿಲ್ಲ. ಪ್ರತಿ ಪೆಟ್ಟಿಗೆಗೂ ಅದರದೇ ನುರಿತ ತಂಡ ಇಡಿ.

ಹಡಗು 30-40 ವರ್ಷ ಬಾಳುತ್ತದೆ, ಅದರೊಳಗಿನ ಕಂಪ್ಯೂಟರ್ ಅಷ್ಟು ಬಾಳುವುದಿಲ್ಲ. ಅದಕ್ಕೇ ಜಾಗ, ತೂಕ, ವಿದ್ಯುತ್, ತಂಪು ಮಾಡುವ ವ್ಯವಸ್ಥೆ, ನಾಲ್ಕರಲ್ಲೂ ಮೊದಲೇ ಸ್ವಲ್ಪ ಉಳಿಸಿಕೊಳ್ಳಿ. ಆಮೇಲೆ ಸುಮ್ನೆ ಮೇಲೆ ಭಾರ ಹೇರುತ್ತಾ ಹೋದರೆ ಹಡಗಿನ ಸಮತೋಲನ ಕೆಡುತ್ತದೆ.

ಕ್ಷಿಪಣಿ ಮುಗಿದ ಮೇಲೇನು? 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಅಗ್ಗದ ಡ್ರೋನ್ ಹೊಡೆಯಲು ದುಬಾರಿ ಕ್ಷಿಪಣಿ ಹಾರಿಸಬೇಕಾಯಿತು. ನೆಟ್ಟಗೆ ಜೋಡಿಸಿದ ಉಡಾವಣಾ ಕೊಳವೆಗಳಿಗೆ ಕಡಲ ಮಧ್ಯೆ ಮತ್ತೆ ಕ್ಷಿಪಣಿ ತುಂಬುವುದು ಬಹಳ ಕಷ್ಟ, ಸಾಮಾನ್ಯವಾಗಿ ಬಂದರಿಗೇ ಮರಳಬೇಕು. ಫಿರಂಗಿ, ಜಾಮರ್ (ಶತ್ರುವಿನ ರೇಡಿಯೋ ಸಂಕೇತ ಕೆಡಿಸುವ ಸಾಧನ) ಜಾಸ್ತಿ ಇಡಿ. ಇಂಧನದ ಹಡಗುಗಳಿಗೂ ದುಡ್ಡು ತೆಗೆದಿಡಿ.

ಯೋಜನೆ ಮುಗಿದ ಮೇಲೆ ಅದರಿಂದ ಒಂದು ಇಂಧನದ ಹಡಗು, ಒಂದು ಬಂದರು ಹೊಡೆದುಹಾಕಿ. ಉಳಿದದ್ದರಲ್ಲಿ ಯಾವ ಕೆಲಸ ನಿಂತುಹೋಗುತ್ತದೆ ನೋಡಿ, ಅಲ್ಲಿಂದ ತಿದ್ದಲು ಶುರುಮಾಡಿ.