ನೂರು ಇಂಚು ಮಳೆಯಲ್ಲಿ ಸಿಲ್ವರ್ ಓಕ್ ಪ್ಯಾನೆಲ್ ಮನೆ: ನನ್ನ ಅನುಭವ

ಸಕಲೇಶಪುರ, ಹಾನುಬಾಳು ಕಡೆ ಮರದ ಕ್ಯಾಬಿನ್ ಅಂದರೆ ಎಲ್ಲರಿಗೂ ಹೋಂಸ್ಟೇ ನೆನಪಾಗುತ್ತದೆ. ಶನಿವಾರ ಬಂದು ಭಾನುವಾರ ಹೋಗುವವರಿಗೆ ಅದು ಸಾಕು. ಹನ್ನೆರಡು ತಿಂಗಳೂ ಸಂಸಾರ ಮಾಡೋಕೆ ಅಂಥದ್ದೇ ಒಂದು ಮನೆ ಮಾಡುತ್ತೇನೆ ಅಂದಾಗ ನಮ್ಮ ಮಾವ "ಆರಿದ್ರಾ ಮಳೆ ಒಂದು ಕಳೀಲಿ ಅಳಿಯಂದಿರೇ, ಆಮೇಲೆ ನೋಡೋಣ" ಅಂದಿದ್ದರು. ಈಗ ಐದಾರು ಆರಿದ್ರಾ ಕಳೆದಿವೆ. ಹೋದ ವರ್ಷ ಅವರೇ ತಮ್ಮ ತೋಟದ ಲೆಕ್ಕ ನೋಡೋ ರೈಟರಿಗೆ ಒಂದು ಮಾಡಿಸಿಕೊಂಡರು, ಪೂರ್ತಿ ದುಡ್ಡು ಕೊಟ್ಟೇ.

ಮೊದಲು ತರಿಸಿದ್ದು ಬೆಂಗಳೂರಿನ ಒಂದು ಕಂಪನಿಯ ರೆಡಿಮೇಡ್ ಪ್ಯಾನೆಲ್. ಹೊರಗೆ ಪೈನ್ ಹಲಗೆ, ನಡುವೆ ಥರ್ಮಾಕೋಲ್, ಒಳಗೆ ಪ್ಲೈ, ಸಂದು ಸಂದಿಗೂ ಸಿಲಿಕಾನ್, ಮೇಲೆ ಕನ್ನಡಿ ಥರ ಹೊಳೆಯೋ ಪಾಲಿಶ್. ನೋಡೋಕೆ ಏನೋ ಚಂದ. ಪುನರ್ವಸು ಮಳೆ ಹೊತ್ತಿಗೆ ಪಶ್ಚಿಮದ ಇರಚಲು ಎಲ್ಲೋ ಒಂದು ಕಡೆ ಒಳಗೆ ಹೋಯಿತು, ಹೋದ ನೀರು ಹೊರಗೆ ಬರೋಕೆ ದಾರಿಯೇ ಇಲ್ಲ. ಪಾಲಿಶ್ ಇನ್ನೂ ಹೊಳೀತಾನೇ ಇತ್ತು, ಕೆಳಗಿನ ಅಡ್ಡಪಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದರೆ ಹಿಡಿವರೆಗೂ ಇಳಿಯುತ್ತಿತ್ತು. ಮೂರೂವರೆ ಲಕ್ಷ, ಗಾಡಿ ಬಾಡಿಗೆ ಬೇರೆ. ವಾರಂಟಿ ಕೇಳಿದರೆ ನಿಮ್ಮೂರಿನ ಮಳೆ ಅದರಲ್ಲಿ ಸೇರಿಲ್ಲ ಅಂದರು!

ಆಮೇಲೆ ಶೆಡ್ಡಿನಲ್ಲಿ ನಾನೇ ಪ್ಯಾನೆಲ್ ಮಾಡೋಕೆ ಶುರು ಮಾಡಿದೆ. ನೀರನ್ನು ಪೂರ್ತಿ ತಡೆಯೋ ಹಟ ಬಿಟ್ಟೆ. ಒಳಗೆ ಬಂದದ್ದು ಕೆಳಗಿಳಿದು ಹೋಗಬೇಕು, ಒದ್ದೆಯಾದದ್ದು ಆರಬೇಕು, ಅಷ್ಟೇ.

ಮರ ನಮ್ಮ ತೋಟದ್ದೇ ಸಿಲ್ವರ್ ಓಕ್. ತೇಗ, ಬೀಟೆಗಿರೋ ಪರ್ಮಿಟ್ ರಗಳೆ ಇದಕ್ಕಿಲ್ಲ. "ಸಿಲ್ವರ್ ಹುಳಕ್ಕೆ ಊಟ ಕಣ್ರೀ, ಸೌದೆಗೆ ಕೊಡಿ" ಅಂದ ಆಚಾರಿಯೇ ಈಗ ನನ್ನ ಶೆಡ್ಡಿನಲ್ಲಿ ಕೆಲಸ ಮಾಡುತ್ತಾರೆ. ಅವರು ಹೇಳಿದ್ದು ಸುಳ್ಳಲ್ಲ, ಹಾಗೇ ಬಿಟ್ಟರೆ ವರ್ಷದೊಳಗೆ ಹಿಟ್ಟು ಉದುರುತ್ತದೆ. ಸಾಮಿಲ್ಲಿಂದ ಹಲಗೆ ಹಸಿ ಇರುವಾಗಲೇ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕಲಸಿದ ಬಿಸಿ ನೀರಿನಲ್ಲಿ ಮುಳುಗಿಸಿ, ಟಾರ್ಪಾಲ್ ಹೊದಿಸಿ ಕೆಲವು ವಾರ ಬಿಡಬೇಕು. ಒಣಗಿದ ಹಲಗೆಗೆ ಮದ್ದು ಮೇಲೆ ಮೇಲೆ ಹತ್ತುತ್ತದೆ, ಒಳಗೆ ಇಳಿಯಲ್ಲ. ಅಳತೆ ಮಾತ್ರ ಇಲ್ಲಿ ಬರೆಯಲ್ಲ, ಅದಕ್ಕೆ ಎಷ್ಟು ಹಲಗೆ ಹಾಳು ಮಾಡಿದ್ದೇನೆ ಅಂತ ನನಗೇ ಗೊತ್ತು. ಬೋರಾಕ್ಸ್ ಮಳೆಗೆ ತೊಳೆದು ಹೋಗುತ್ತದೆ, ಹಾಗಾಗಿ ಅದು ಒಳಗಿನ ಫ್ರೇಮಿಗೆ, ಒಳ ಹಲಗೆಗೆ. ಹೊರ ಹಲಗೆಯನ್ನು ಒತ್ತಡದಲ್ಲಿ ಮದ್ದು ಒಳಗಿಳಿಸೋ ಪ್ರೆಶರ್ ಟ್ರೀಟ್‌ಮೆಂಟಿಗೆ ಕಳಿಸಲೇಬೇಕು, ಅಲ್ಲಿ ದುಡ್ಡು ಉಳಿಸೋಕೆ ಹೋಗಬೇಡಿ.

ಪ್ಯಾನೆಲ್ ಕೆಲಸ ಫೆಬ್ರವರಿಯಿಂದ ಏಪ್ರಿಲ್ ಒಳಗೆ. ಆಗ ಹಲಗೆಯ ತೇವ ಅಳೆಯೋ ಮೀಟರ್ ಹನ್ನೊಂದು, ಹನ್ನೆರಡು ಪರ್ಸೆಂಟ್ ತೋರಿಸುತ್ತದೆ, ಜುಲೈನಲ್ಲಿ ಅದೇ ಹಲಗೆ ಹತ್ತೊಂಬತ್ತಕ್ಕೆ ಹೋಗುತ್ತದೆ. ಆರು ಇಂಚಿನ ಹಲಗೆ ಹತ್ತತ್ತಿರ ಮೂರು ಮಿಲಿಮೀಟರ್ ಹಿಗ್ಗುತ್ತದೆ, ಅಷ್ಟು ಜಾಗ ಬಿಡದಿದ್ದರೆ ಸ್ಕ್ರೂ ಸಮೇತ ಉಬ್ಬಿ ಏಳುತ್ತದೆ. ಇನ್ನೊಂದು, ಎಣ್ಣೆ ಹಚ್ಚೋದು ಜೋಡಿಸೋ ಮೊದಲೇ, ನಾಲ್ಕೂ ಮೈಗೆ. ಜೋಡಿಸಿದ ಮೇಲೆ ಹಚ್ಚಿದರೆ ಮಾರ್ಚಿನಲ್ಲಿ ಹಲಗೆ ಕುಗ್ಗಿ ಪ್ರತಿ ಸಂದಿನಲ್ಲೂ ಒಂದು ಬಿಳಿ ಗೆರೆ ಕಾಣುತ್ತದೆ. ಕಬ್ಬಿಣದ ಮೊಳೆ ಬೇಡವೇ ಬೇಡ, ಮಳೆ ನೀರಿಗೆ ಕರಿ ಕಣ್ಣೀರು ಇಳಿಯುತ್ತದೆ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ದುಬಾರಿ, ಆದರೂ ಅದೇ.

ಗೋಡೆಯಲ್ಲಿ ಹೊರ ಹಲಗೆಗೂ ಒಳಗಿನ ಶೀಟಿಗೂ ನಡುವೆ ಮುಕ್ಕಾಲು ಇಂಚಿನ ರೀಪು ನಿಲ್ಲಿಸಿ ಹೊಡೆದು ಗಾಳಿ ಆಡೋಕೆ ಬಿಟ್ಟಿದ್ದೇನೆ. ಮೇಲೆ ಕೆಳಗೆ ತೆರೆದೇ ಇದೆ, ಇಲಿ ಕಣಜ ಬಾರದ ಹಾಗೆ ಜಾಲರಿ. ಕಿಟಕಿ ಹಲಗೆಯ ಕೆಳಮೈಗೆ ಅಂಚಿನಿಂದ ಅರ್ಧ ಇಂಚು ಒಳಗೆ ಉದ್ದಕ್ಕೂ ಒಂದು ಗೀರು ಹೊಡೆಸಿದ್ದೇವೆ, ನೀರು ಅಲ್ಲಿಗೆ ಬಂದು ಮುಂದೆ ಹೋಗಲಾರದೆ ತೊಟ್ಟಿಕ್ಕುತ್ತದೆ. ಇಷ್ಟು ಸಣ್ಣ ಕೆಲಸ, ಆದರೆ ಅದಿಲ್ಲದ ಕಿಟಕಿ ಕೆಳಗೆ ಆಗಸ್ಟಿಗೆ ಬೂಸ್ಟು ಗ್ಯಾರಂಟಿ. ಮನೆ ಪೂರ್ತಿ ಎರಡೂವರೆ ಅಡಿ ಕಾಂಕ್ರೀಟ್ ಕಂಬದ ಮೇಲೆ, ಪ್ರತಿ ಕಂಬದ ತಲೆಗೂ ಅಂಚು ಬಗ್ಗಿಸಿದ, ಸತು ಲೇಪಿಸಿದ ಜಿಐ ತಗಡು. ಗೆದ್ದಲು ಅದನ್ನು ದಾಟಬೇಕಾದರೆ ಹೊರಗಿನಿಂದ ಮಣ್ಣಿನ ದಾರಿ ಕಟ್ಟಬೇಕು, ಆಗ ಕಣ್ಣಿಗೆ ಬೀಳುತ್ತದೆ. ಪಶ್ಚಿಮಕ್ಕೆ ಸೂರು ನಾಲ್ಕಡಿ. ಮೂಲೆ ಸಂದು ಹೇಗೆ ಅಂತ ಬಂದವರೆಲ್ಲ ಕೇಳುತ್ತಾರೆ, ಅದು ಆಚಾರಿಗೂ ನನಗೂ ಬಿಟ್ಟಿದ್ದು.

ಬಚ್ಚಲಿಗೆ ಮರ ಬೇಡ. ಸಿಮೆಂಟ್ ಬ್ಲಾಕಿನಲ್ಲಿ ಬೇರೆ ಕಟ್ಟಿ ಪಕ್ಕಕ್ಕೆ ಅಂಟಿಸಿದ್ದೇನೆ, ಹಂಡೆ ಒಲೆಯೂ ಅಲ್ಲೇ.

ಸುಮ್ನೆ ಇರಲಾರದೆ ಒಂದು ಗೋಡೆಗೆ ಚಳಿ, ಸದ್ದು ತಡೆಯೋ ಕಲ್ಲುನಾರಿನ ರಾಕ್‌ವೂಲ್ ಬದಲು ಭತ್ತದ ಉಮಿಗೆ ಸುಣ್ಣ ಬೆರೆಸಿ ತುಂಬಿದೆ. ಖರ್ಚು ಹೆಚ್ಚುಕಡಿಮೆ ಸೊನ್ನೆ, ಚಳಿಗಾಲದಲ್ಲಿ ಒಳಗೆ ಬೆಚ್ಚಗೂ ಇತ್ತು. ಎರಡನೇ ವರ್ಷ ಉಮಿ ಕುಸಿದು ಮೇಲೆ ಒಂದಡಿ ಖಾಲಿ, ಅಲ್ಲಿ ಇಲಿ ಮರಿ ಹಾಕಿತ್ತು. ಕರಾವಳಿಯಲ್ಲಿ ದೋಣಿಗೆ ಹಚ್ಚುವ ಗೇರೆಣ್ಣೆಯನ್ನು ಮೆಟ್ಟಿಲಿಗೆ ಹಚ್ಚಿ ನೋಡಿದೆ. ಮೆಟ್ಟಿಲು ಕಲ್ಲಿನ ಹಾಗೆ ನಿಂತಿದೆ, ಬಣ್ಣ ಮಾತ್ರ ಕರಿ. ಕೈಗೆ ತಾಗಿದರೆ ಚರ್ಮ ಸುಲಿಯುತ್ತದೆ, ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ದುಡ್ಡಿನ ವಿಷಯ. ನಾನೂರು ಚದರಡಿಗೆ ಎಲ್ಲ ಸೇರಿ ಒಂಬತ್ತು ಲಕ್ಷದ ಆಸುಪಾಸು, ಮರದ ಬೆಲೆ ಹಿಡಿಯದೆ. ಇಟ್ಟಿಗೆ ಮನೆಗಿಂತ ಅಂಥಾ ಅಗ್ಗವೇನಲ್ಲ. ಲಾಭ ಇರೋದು ಸಮಯದಲ್ಲಿ. ತೋಟದ ದಾರಿಗೆ ದೊಡ್ಡ ಲಾರಿ ಬರಲ್ಲ, ಅದಕ್ಕೇ ಪ್ಯಾನೆಲ್ ಎಂಟಡಿಗೆ ನಾಲ್ಕಡಿ ಮೀರಿಸಿಲ್ಲ. ಪಿಕಪ್ಪಿನಲ್ಲಿ ತಂದು ನಾಲ್ಕು ಜನ ಹೊತ್ತು, ಎರಡು ವಾರದೊಳಗೆ ಸೂರು ಮುಚ್ಚಿದೆವು. ಬ್ಯಾಂಕಿನಲ್ಲಿ ಮರದ ಮನೆ ಅಂದ ಕೂಡಲೇ ಫೈಲ್ ವಾಪಸ್ ಕೊಟ್ಟರು, ಹೆಂಡತಿಯ ಬಳೆ ಅಡವಿಟ್ಟೇ ಕೆಲಸ ಮುಗಿಸಿದ್ದು. ಈಗ ಬಿಡಿಸಿಕೊಟ್ಟಿದ್ದೇನೆ, ಮತ್ತೆ ಕೇಳಬೇಡಿ ಅಂದಿದ್ದಾಳೆ.

ತಗಡಿನ ಮೇಲೆ ಮಳೆ ಸದ್ದು ಜಾಸ್ತಿ ಅಲ್ವಾ ಅಂತ ಕೇಳುತ್ತೀರಿ. ತಗಡಿನ ಕೆಳಗೆ ಎರಡು ಇಂಚು ರಾಕ್‌ವೂಲ್, ಅದರ ಕೆಳಗೆ ಪ್ಲೈ ಇದೆ, ಫೋನಿನಲ್ಲಿ ಮಾತಾಡಬಹುದು. ನೂರು ಇಂಚು ದಾಟಿದ ವರ್ಷವೂ ಬೀರುವಿನ ಬಟ್ಟೆಗೆ ಬೂಸ್ಟು ಬಂದಿಲ್ಲ. ಪಶ್ಚಿಮದ ಗೋಡೆಗೆ ಮಾತ್ರ ಎರಡು ವರ್ಷಕ್ಕೊಮ್ಮೆ ಎಣ್ಣೆ ಬೇಕು, ಏಳೆಂಟು ಸಾವಿರ ಆಗುತ್ತದೆ. ಕಾಫಿ ಹೂವಿಗೆ ಬರೋ ಹೂಮಳೆ ಬಿದ್ದು ಹಲಗೆ ಆರಿದ ಮೇಲೆ, ಏಪ್ರಿಲ್ ಒಳಗೆ ಹಚ್ಚಿ ಮುಗಿಸಿ. ಮೇ ಕೊನೆಗೆ ಆಳು ಸಿಗಲ್ಲ, ಬಿಸಿಲೂ ಸಿಗಲ್ಲ.